ಶಹಾಪುರದ ಗಲ್ಲಿಯಲ್ಲಿ ಹಳೇ ಮನೆ ತಗೊಳ್ಳೋದಾ, ಊರ ಹೊರಗೆ ಪ್ಲಾಟ್ ತಗೊಳ್ಳೋದಾ?

ಬೈಲಹೊಂಗಲದ_ಸೊಸೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಬೆಳಗಾವಿ ಹಿಂದವಾಡಿಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಮನೆಯವರಿಗೆ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸ, ನಾನು ಶಾಲೆ ಟೀಚರ್. ಏನಾದರೂ ಆಗಲಿ, ಈ ವರ್ಷ ಸ್ವಂತ ಮನೆ ಅಂತ ಹಟ ಹಿಡಿದು ಹುಡುಕಿದ್ವಿ. ಶಹಾಪುರದಲ್ಲಿ ಖಡೇಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದು ಹಂಚಿನ ಮನೆ ಸಿಕ್ಕಿದೆ. ಅಗಲ 18 ಅಡಿ, ಉದ್ದ 65 ಅಡಿ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲಲ್ಲಿ ಬಾವಿ. ಪಡಸಾಲೆಯ ಕಂಬ ಸವರಿ ನೋಡಿದೆ, ಎಣ್ಣೆ ಹಚ್ಚಿದ ಹಾಗೆ ನುಣುಪಾಗಿದೆ. 52 ಲಕ್ಷ ಹೇಳುತ್ತಿದ್ದಾರೆ.

ತಕರಾರು ಇರೋದು ಮನೆಯಲ್ಲಲ್ಲ, ನೆರೆಯವರಲ್ಲಿ. ಎಡಗಡೆ ಮರಾಠಿ ಅಜ್ಜ-ಅಜ್ಜಿ. ಬಲಗಡೆ ನೇಕಾರರು, ಪವರ್‌ಲೂಮ್ ಇದೆ. ಎದುರಿಗೆ ಕೊಂಕಣಿಯವರು. ಹಿಂದೆ ಮುಸ್ಲಿಂ ಕುಟುಂಬ. ಅತ್ತೆ ಒಂದೇ ಮಾತು ಹೇಳುತ್ತಾರೆ: "ಅಲ್ಲಿ ನಮ್ಮವರು ಯಾರಿದ್ದಾರವ್ವಾ? ನಡುರಾತ್ರಿ ಯಾರಿಗಾದರೂ ಆರಾಮಿಲ್ಲದಂಗಾದರೆ ಯಾರ ಬಾಗಿಲು ಬಡೀತೀ?" ಮೈದುನ ರಾಮತೀರ್ಥನಗರದ ಆಚೆ 30-40ರ ಪ್ಲಾಟ್ ನೋಡಿಟ್ಟಿದ್ದಾನೆ. ಅಲ್ಲಿ ಸುತ್ತಮುತ್ತ ಎಲ್ಲಾ ನಮ್ಮ ಕಡೆಯವರೇ ಅಂತೆ.

ಹೀಗೆ ಎಲ್ಲಾ ತರದ ಜನ ಇರೋ ಗಲ್ಲಿಯಲ್ಲಿ ಮನೆ ತಗೊಂಡವರು ಯಾರಾದರೂ ಇದ್ದೀರಾ? ಹೇಗಿದೆ?

ಪ್ಲಾಟ್_ಮಾವ
ನಿಮ್ಮ ಮೈದುನ ಹೇಳಿದ್ದೇ ಸರಿ ತಂಗಿ. 52 ಲಕ್ಷ ಸುರಿದು ಹಳೇ ಹಂಚು ಯಾಕೆ? ಮಳೆಗಾಲಕ್ಕೊಮ್ಮೆ ಮೇಲೆ ಹತ್ತಬೇಕು. ಕಾರ್ ಒಳಗೆ ಹೋಗಲ್ಲ. ನಾಳೆ ಮಾರಬೇಕಂದ್ರೂ ಅದೇ ಗಲ್ಲಿಯವರೇ ಕೊಳ್ಳಬೇಕು. ಪ್ಲಾಟ್ ಅಂದ್ರೆ ಬಂಗಾರ.

ಗಲ್ಲಿ_ಹುಡುಗ
ಮಾವ, ಬಂಗಾರಕ್ಕೆ ಹಾಲ್‌ಮಾರ್ಕ್ ಇರುತ್ತೆ. ಆ ಪ್ಲಾಟಿಗೆ ಎನ್‌ಎ (ಹೊಲವನ್ನ ಕೃಷಿಯೇತರ ಮಾಡೋದು) ಆಗಿದೆಯಾ ಮೊದಲು ಕೇಳಿ.

ಬೆಂಗಳೂರಿಗ_ಆದೆ
ಪ್ಲಾಟ್ ಅಂದ್ರೆ ಫ್ಲ್ಯಾಟಾ? 30-40ರ ಫ್ಲ್ಯಾಟ್ ಹೇಗ್ರೀ ಇರುತ್ತೆ?

ಮೂರನೇ_ಗೇಟ್
ಬಂದ್ರಪ್ಪಾ. ನೀವು ಸೈಟ್ ಅನ್ನೋದನ್ನೇ ನಾವು ಇಲ್ಲಿ ಪ್ಲಾಟ್ ಅಂತೀವಿ. ಊರು ಬಿಟ್ಟು ನಾಲ್ಕು ವರ್ಷಕ್ಕೇ ಇಷ್ಟು ಮರೆತ್ರಾ?

ಬೆಂಗಳೂರಿಗ_ಆದೆ
ಮರೆತಿಲ್ರೀ, ಸುಮ್ನೆ ಕೇಳಿದೆ. 52 ಲಕ್ಷಕ್ಕೆ ಬಾವಿ ಇರೋ ಮನೆ ಅಂತ ಓದಿ ಹೊಟ್ಟೆ ಉರೀತು.

ಮಗ್ಗದ_ಮನೆ
ನಮ್ಮದು ವಡಗಾವಿ. ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲೇ ಮಲಗಿದವನು. ಅಕ್ಕಾರೇ, ಜಾತಿ-ಭಾಷೆ ಬಿಡಿ, ಮೊದಲು ಬಲಗಡೆ ಗೋಡೆ ನೋಡಿ. ಹಳೇ ಶಹಾಪುರದ ಮನೆಗಳಲ್ಲಿ ಎರಡು ಮನೆಗೆ ಸೇರಿ ಒಂದೇ ಗೋಡೆ ಇರೋದು ಜಾಸ್ತಿ. ಲೂಮ್ ಓಡುವಾಗ ಹೋಗಿ ಅಡುಗೆಮನೆಯ ಮಾಡದಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟು, ಮುಚ್ಚಳ ಸಡಿಲ ಮಾಡಿ ನಿಂತು ಕೇಳಿ. ಮುಚ್ಚಳ ಕುಣಿದರೆ ಯೋಚನೆ ಮಾಡಿ. ನಮಗೆ ಅದೇ ಜೋಗುಳ, ಸದ್ದು ನಿಂತರೆ ನಮಗೆ ನಿದ್ದೆ ಬರಲ್ಲ. ನಿಮಗೆ ಹಾಗಾಗಲ್ಲ.

ಭಾನುವಾರ ಮನೆ ನೋಡಿದ್ರೋ ಏನೋ. ಏಜೆಂಟರು ಬೇಕಂತಲೇ ಲೂಮ್ ಬಂದ್ ಇರುವಾಗ ಕರ್ಕೊಂಡು ಹೋಗ್ತಾರೆ.

ಬೈಲಹೊಂಗಲದ_ಸೊಸೆ
ಅಯ್ಯೋ, ಭಾನುವಾರವೇ ಹೋಗಿದ್ದು!

ಹಳೇ_ವಕೀಲ
ಎಲ್ಲರೂ ನೆರೆಯವರ ಬಗ್ಗೆ ಮಾತಾಡುತ್ತಿದ್ದೀರಿ. ಮಾರುವವರು ಯಾರು? ಎಷ್ಟು ಜನ? ತಂದೆಯ ಆಸ್ತಿಯೋ, ಅಜ್ಜನದೋ? ವಾಟ್ನಿ, ಅಂದ್ರೆ ಪಾಲು ಹಂಚಿಕೆ, ಆಗಿದೆಯಾ? ಅವರಿಗೆ ಅಕ್ಕತಂಗಿಯರು ಇದ್ದಾರಾ?

ಬೈಲಹೊಂಗಲದ_ಸೊಸೆ
ಮೂವರು ಅಣ್ಣತಮ್ಮಂದಿರು ಸರ್. ಮೂವರೂ ಸಹಿ ಮಾಡ್ತೀವಿ ಅಂದಿದ್ದಾರೆ. ಅಜ್ಜನ ಕಾಲದ ಮನೆ. ಅಕ್ಕತಂಗಿಯರ ಬಗ್ಗೆ ಕೇಳಿಲ್ಲ.

ಹಳೇ_ವಕೀಲ
ಕೇಳಿ. ಇವತ್ತೇ ಕೇಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳುತ್ತೆ. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಿತ್ತಾ ಬೇಡವಾ ಅನ್ನೋ ಗೊಂದಲ ಇತ್ತು. ಬದುಕಿರಬೇಕಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. 2004ರ ಡಿಸೆಂಬರ್ 20ಕ್ಕೂ ಮೊದಲೇ ರಿಜಿಸ್ಟರ್ ಆದ ವಾಟ್ನಿ ಪತ್ರ ಇದ್ದರೆ ಅದು ಬೇರೆ ಮಾತು. ತಂದೆ ಸ್ವಂತ ದುಡ್ಡಲ್ಲಿ ಕೊಂಡು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು, ಅದು 1956ರಿಂದಲೇ ಇದೆ.

"ಅವರಿಗೆ ಮದುವೆಯಲ್ಲಿ ಎಲ್ಲಾ ಕೊಟ್ಟಿದ್ದೀವಿ" ಅಂತ ಅಣ್ಣಂದಿರು ಹೇಳ್ತಾರೆ. ನಂಬಬೇಡಿ. ಖರೇದಿ ಪತ್ರಕ್ಕೆ ಅವರ ಸಹಿಯೂ ಬೇಕು, ಇಲ್ಲವಾದರೆ ರಿಜಿಸ್ಟರ್ ಆದ ಹಕ್ಕುಬಿಡುಗಡೆ ಪತ್ರ ಬೇಕು. ಅದಿಲ್ಲದೆ ಸಂಚಕಾರ (ಮುಂಗಡ) ಕೊಡಬೇಡಿ, ಒಂದು ರೂಪಾಯಿ ಕೂಡ.

ಪ್ಲಾಟ್_ಮಾವ
ನೋಡಿದ್ರಾ? ಅದಕ್ಕೇ ಹೇಳಿದ್ದು. ಪ್ಲಾಟಿಗೆ ಈ ತಲೆನೋವು ಇಲ್ಲ.

ಇಸಿ_ಕಾಕಾ
ಬ್ಯಾಂಕಿನಲ್ಲಿ 31 ವರ್ಷ ಸಾಲದ ಫೈಲ್ ನೋಡಿದವನು ನಾನು. ಪ್ಲಾಟಿನ ತಲೆನೋವು ಎಂಥದ್ದು ಅಂತ ಹೇಳ್ತೀನಿ ಕೇಳಿ ಮಾವ. ನಮ್ಮ ಬೆಳಗಾವಿ ಸುತ್ತ ಹೊಲದಲ್ಲಿ ಕಲ್ಲು ನೆಟ್ಟು, ನೂರು ರೂಪಾಯಿ ಬಾಂಡ್ ಮೇಲೆ ಬರೆದುಕೊಟ್ಟು ಪ್ಲಾಟ್ ಮಾರಿದ್ದು ಎಷ್ಟು! ಎನ್‌ಎ ಇಲ್ಲ, ಬುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ ಇಲ್ಲ, ಗಟಾರ ಇಲ್ಲ. ಬಾಂಡ್ ಕೈಯಲ್ಲಿ ಹಿಡ್ಕೊಂಡು "ಸರ್ ಸಾಲ ಕೊಡಿ" ಅಂತ ಬರೋರು. ಅವರ ಮುಖ ನೋಡಿ ಬೇಜಾರಾಗ್ತಿತ್ತು. ಬಾಂಡ್ ಅನ್ನೋದು ಖರೇದಿ ಅಲ್ಲವೇ ಅಲ್ಲ.

ಈಗ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಆಗಲ್ಲ. 2025ರಲ್ಲಿ ಇಂಥ ಅಕ್ರಮ ಬಡಾವಣೆಗಳಿಗೂ ಬಿ-ಖಾತೆ ಕೊಡೋ ಅಭಿಯಾನ ನಡೀತು. ಅಷ್ಟಕ್ಕೇ ಕೆಲವರು "ಸಕ್ರಮ ಆಯ್ತು" ಅಂತ ಹೇಳಿ ಮಾರ್ತಿದ್ದಾರೆ. ಬಿ-ಖಾತೆ ಅಂದ್ರೆ ತೆರಿಗೆ ಕಟ್ಟೋಕೆ ಒಂದು ಪುಸ್ತಕದಲ್ಲಿ ಹೆಸರು ಬಂತು, ಅಷ್ಟೇ. ಮೈದುನನ ಪ್ಲಾಟ್ ಬುಡಾದ್ದಾ, ಖಾಸಗಿಯವರದ್ದಾ? ಎ-ಖಾತೆಯಾ, ಬಿ-ಖಾತೆಯಾ?

ಬೈಲಹೊಂಗಲದ_ಸೊಸೆ
ಮೈದುನನನ್ನ ಕೇಳಿದೆ. "ಅದೆಲ್ಲಾ ಆಗುತ್ತೆ ವೈನಿ, ಟೆನ್ಶನ್ ತಗೋಬೇಡಿ" ಅಂದ.

ಗಲ್ಲಿ_ಹುಡುಗ
ಹಾಗಾದ್ರೆ ಬಿ.

ಫೋರ್ಟ್_ರೋಡ್
ಒಂದು ಮಾತು ಹೇಳ್ಲಾ? "ಸುತ್ತಮುತ್ತ ಎಲ್ಲಾ ನಮ್ಮವರೇ" ಅನ್ನೋದು ಓದೋಕೆ ಚೆನ್ನಾಗಿರುತ್ತೆ. ಅದರ ಇನ್ನೊಂದು ಬದಿಯಲ್ಲಿ ನಿಂತವಳು ನಾನು. ಎರಡು ವರ್ಷದ ಹಿಂದೆ ಒಂದು ಹೊಸ ಬಡಾವಣೆಯಲ್ಲಿ ಮನೆ ನೋಡೋಕೆ ಹೋದ್ವಿ. ರೇಟ್ ಮಾತಾಡಿದ್ರು, ಚಹಾ ಕೊಟ್ರು, ಮಕ್ಕಳು ಯಾವ ಶಾಲೆ ಅಂತೆಲ್ಲಾ ಕೇಳಿದ್ರು. ಕೊನೆಗೆ ನಮ್ಮೆಜಮಾನರ ಹೆಸರು ಕೇಳಿದ್ರು. ಹೇಳಿದ್ವಿ. ಆಮೇಲೆ ಮಾಲೀಕರು ಒಳಗೆ ಹೋಗಿ ಬಂದು "ನಮ್ಮ ಅಣ್ಣನವರೇ ತಗೋತಾರಂತೆ" ಅಂದ್ರು. ಚಹಾ ಇನ್ನೂ ಬಿಸಿ ಇತ್ತು. ಆ ಮನೆ ಮೇಲೆ 'ಮಾರಾಟಕ್ಕಿದೆ' ಬೋರ್ಡ್ ಮತ್ತೆ ಆರು ತಿಂಗಳು ಇತ್ತು, ದಿನಾ ಅದರ ಮುಂದೇ ಗಾಡಿ ಓಡಿಸ್ತಿದ್ದೆ.

ನಿಮ್ಮತ್ತೆಗೆ ಹೇಳಿ, ರಾತ್ರಿ ಬಾಗಿಲು ಬಡಿದರೆ ನಾವೂ ತೆಗೀತೀವಿ.

ಮೂರನೇ_ಗೇಟ್
ಓದಿ ಬೇಜಾರಾಯ್ತು ಅಕ್ಕಾ.

ಪ್ಲಾಟ್_ಮಾವ
ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ. ಆದರೆ ವಾಸ್ತವ ಮಾತಾಡೋಣ. ಹಬ್ಬ, ಊಟ, ವಾಸನೆ, ಧ್ವನಿವರ್ಧಕ, ಇವೆಲ್ಲಾ ದಿನಾ ಎದುರಾಗೋ ವಿಷಯ. ತಮ್ಮವರ ನಡುವೆ ಇರಬೇಕು ಅಂತ ಅನ್ನಿಸೋದು ತಪ್ಪಾ?

ಗಲ್ಲಿ_ಹುಡುಗ
ಮಾವ, ನಮ್ಮದು ಮರಾಠಿ ಮನೆ. ನಾನು ಓದಿದ್ದು ಕನ್ನಡ ಶಾಲೆ. ನಮ್ಮ ಗಲ್ಲಿಯಲ್ಲಿ ಜಗಳ ಆಗಿದ್ದೆಲ್ಲಾ ಮೂರೇ ವಿಷಯಕ್ಕೆ: ಬೈಕ್ ನಿಲ್ಲಿಸೋದು, ನಳದ ನೀರು, ಗಟಾರದಲ್ಲಿ ಅನ್ನ ಚೆಲ್ಲೋದು. ನಮ್ಮ ಮನೆಯ ಜೊತೆ ಹದಿನಾಲ್ಕು ವರ್ಷ ಮಾತು ಬಿಟ್ಟವರು ಯಾರು ಗೊತ್ತಾ? ನಮ್ಮ ಸ್ವಂತ ಚಿಕ್ಕಪ್ಪ. ಅದೂ ಒಂದು ಮಳೆನೀರಿನ ಪೈಪಿಗೆ.

ಬೆಂಗಳೂರಿಗ_ಆದೆ
ಆದ್ರೂ ನವೆಂಬರ್ 1 ಬಂದ್ರೆ ಅಲ್ಲಿ ಟೆನ್ಶನ್ ಇರುತ್ತಲ್ವಾ? ಟೀವಿಯಲ್ಲಿ ನೋಡ್ತೀವಿ. 1956ರಿಂದ ಇದೇ ಕತೆ...

ಗಲ್ಲಿ_ಹುಡುಗ
ಟೀವಿಯಲ್ಲಿ ನೋಡೋರಿಗೆ ಜಾಸ್ತಿ ಟೆನ್ಶನ್. ಅವತ್ತು ಚೆನ್ನಮ್ಮ ವೃತ್ತದ ಕಡೆ ಕಾಲಿಡೋಕೆ ಜಾಗ ಇರಲ್ಲ. ನಮ್ಮ ಗಲ್ಲಿಯ ಅರ್ಧ ಹುಡುಗರು ಡಿಜೆ ನೋಡೋಕೆ ಅಲ್ಲೇ ಇರ್ತಾರೆ, ಮನೆಯಲ್ಲಿ ಯಾವ ಭಾಷೆ ಅಂತ ಯಾರೂ ಕೇಳಲ್ಲ.

ನಿರ್ವಾಹಕ
ಗಡಿ ವಿಷಯ ಇಲ್ಲಿಗೆ ಸಾಕು. ಅದಕ್ಕೆ ಬೇರೆ ಎಳೆ ಇದೆ, ಅಲ್ಲಿ ಆಗಲೇ 400 ಉತ್ತರ ಇವೆ, ಯಾರೂ ಗೆದ್ದಿಲ್ಲ. ಇಲ್ಲಿ ಮನೆ ಬಗ್ಗೆ ಮಾತಾಡಿ.

ಕ್ಯಾಂಪ್_ಕಾಕಾ
ಮನೆಯವರು ಕ್ಯಾಂಪ್ (ಕಂಟೋನ್ಮೆಂಟ್) ಕಡೆ ನೋಡಿದ್ರಾ? ಎಷ್ಟು ಮರ, ಎಷ್ಟು ಶಾಂತ. ಎಲ್ಲಾ ಧರ್ಮದವರೂ ಇದ್ದಾರೆ.

ಹಳೇ_ವಕೀಲ
ಕಾಕಾ, ಕ್ಯಾಂಪಿನ ಹಳೇ ಬಂಗಲೆಗಳಲ್ಲಿ ಎಷ್ಟೋ 'ಓಲ್ಡ್ ಗ್ರಾಂಟ್' ಮೇಲಿವೆ. ಕಟ್ಟಡ ನಿಮ್ಮದು, ನೆಲ ಸರ್ಕಾರದ್ದು. ಮಾರೋಕೆ, ಕೊಳ್ಳೋಕೆ, ಬದಲಾವಣೆ ಮಾಡೋಕೆ ಕಂಟೋನ್ಮೆಂಟ್ ಮತ್ತು ರಕ್ಷಣಾ ಇಲಾಖೆಯ ಒಪ್ಪಿಗೆ ಬೇಕು. ಟೀಚರಮ್ಮನ ಸಂಬಳಕ್ಕೆ ಆಗೋ ಮಾತಲ್ಲ.

ಕ್ಯಾಂಪ್_ಕಾಕಾ
ಮರದ ಬಗ್ಗೆ ಹೇಳಿದೆ ಅಷ್ಟೇ.

ಮಗ್ಗದ_ಮನೆ
ನೀರಿನ ವಿಷಯ ಯಾರೂ ಎತ್ತಲಿಲ್ಲ. ಎರಡು ತರದ ನೀರು ನೋಡಬೇಕು. ಒಂದು, ನಳದಲ್ಲಿ ಬರೋದು. ರಕ್ಕಸಕೊಪ್ಪದಿಂದ, ಹಿಡಕಲ್‌ನಿಂದ ನೀರು ಬರುತ್ತೆ, ಕೆಲವು ವಾರ್ಡಿನಲ್ಲಿ 24 ಗಂಟೆ ಸಿಗುತ್ತೆ, ಕೆಲವರು ಕೊಡ ಹಿಡ್ಕೊಂಡು ದಿನ ಎಣಿಸ್ತಾರೆ. ಪಾಲಿಕೆಯಲ್ಲಿ 58 ವಾರ್ಡು ಇವೆ, ನಿಮ್ಮ ಗಲ್ಲಿಯ ಕತೆಯನ್ನ ಆ ಗಲ್ಲಿಯ ಹೆಂಗಸರನ್ನೇ ಕೇಳಿ. ಎರಡು, ಕರೆಯದೇ ಬರೋದು. ಬಳ್ಳಾರಿ ನಾಲಾ ಅನ್ನೋ ಹಳ್ಳದ ಹತ್ತಿರ ಇದ್ದರೆ ಜಾಗ್ರತೆ. 2019ರ ಆಗಸ್ಟ್‌ನಲ್ಲಿ ನಾವು ಲೂಮಿನ ಮೋಟರ್ ಬಿಚ್ಚಿ ಅಟ್ಟಕ್ಕೆ ಏರಿಸಿದ್ದೆವು. ನೀರಿನ ಗೆರೆ ಇನ್ನೂ ಗೋಡೆ ಮೇಲಿದೆ. ಸುಣ್ಣ ಬಳಿದರೂ ಒಂದು ವರ್ಷಕ್ಕೆ ಮತ್ತೆ ಕಾಣುತ್ತೆ.

ಹೊಸದಾಗಿ ಮೊಣಕಾಲ ಮಟ್ಟಕ್ಕೆ ಟೈಲ್ಸ್ ಹಾಕಿದ್ದರೆ, ಯಾಕೆ ಹಾಕಿದ್ರಿ ಅಂತ ಕೇಳಿ.

ಇಸಿ_ಕಾಕಾ
ಟೈಲ್ಸ್ ಮಾತು ನೂರಕ್ಕೆ ನೂರು.

ತಂಗಿ, ಲೆಕ್ಕವನ್ನೂ ಮಾಡಿಟ್ಟುಕೊಳ್ಳಿ. 52 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ. 5, ಅಂದರೆ 2,60,000. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ. 12, ಅದು 31,200. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಅದು 1,04,000. ಒಟ್ಟು 3,95,200. ಇದಕ್ಕೆ ಬ್ಯಾಂಕ್ ಸಾಲ ಕೊಡಲ್ಲ, ಕೈಯಿಂದ ಹಾಕಬೇಕು. 30ರಿಂದ 75 ಲಕ್ಷದ ಸಾಲಕ್ಕೆ ಆಸ್ತಿ ಬೆಲೆಯ ಶೇ. 80ರವರೆಗೆ ಮಾತ್ರ ಕೊಡಬಹುದು, ಅಂದರೆ 41.60 ಲಕ್ಷ. ಅದೂ ಬ್ಯಾಂಕಿನ ವ್ಯಾಲ್ಯುಯರ್ ಹಂಚಿನ ಮನೆಗೆ ಅಷ್ಟು ಬೆಲೆ ಕಟ್ಟಿದರೆ. ಹಾಗಾಗಿ 14-15 ಲಕ್ಷ ನಿಮ್ಮ ಕೈಯಲ್ಲಿ ಇರಬೇಕು. 50 ಲಕ್ಷ ದಾಟಿದ್ದರಿಂದ ಮಾರುವವರಿಗೆ ಕೊಡೋ ಹಣದಲ್ಲಿ ಶೇ. 1 ಆದಾಯ ತೆರಿಗೆ (ಟಿಡಿಎಸ್) ನೀವೇ ಹಿಡಿದು ಕಟ್ಟಬೇಕು.

ಪ್ಲಾಟ್_ಮಾವ
ಪೇಪರ್ ಮೇಲೆ 40 ತೋರಿಸಿ, ಉಳಿದಿದ್ದು ನಗದು ಕೊಡಿ. ಎಲ್ಲರೂ ಮಾಡ್ತಾರೆ.

ಇಸಿ_ಕಾಕಾ
ಎಲ್ಲರೂ ಮಾಡ್ತಾರೆ, ಆಮೇಲೆ ನನ್ನ ಹತ್ರ ಬಂದು ಅಳ್ತಾರೆ. 40 ತೋರಿಸಿದರೆ ಸಾಲವೂ 40ರ ಮೇಲೇ. ಆ 12 ಲಕ್ಷ ನಗದು ಇವರು ಎಲ್ಲಿಂದ ತರಬೇಕು, ನೀವು ಕೊಡ್ತೀರಾ?

ಬೈಲಹೊಂಗಲದ_ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ಓಡಾಡಿದ್ದೇ ಆಯ್ತು.

ಬುಧವಾರ ಶಾಲೆ ಬಿಟ್ಟ ಮೇಲೆ ಡಬ್ಬಿ ತಗೊಂಡು ಹೋದೆ. ಅಡುಗೆಮನೆಯಲ್ಲಿ ಮುಚ್ಚಳ ಸಣ್ಣಗೆ ಟಿಣಟಿಣ ಅಂತು. ಮಲಗೋ ಕೋಣೆಯಲ್ಲಿ ಏನೂ ಇಲ್ಲ. ಲೂಮಿನವರೇ ಕರೆದು ಒಳಗೆ ತೋರಿಸಿದ್ರು. ರಾತ್ರಿ ಎಂಟಕ್ಕೆ ಬಂದ್ ಮಾಡ್ತಾರಂತೆ, ಮೊದಲಿನಷ್ಟು ಆರ್ಡರ್ ಇಲ್ಲ ಅಂದ್ರು.

ಅಕ್ಕತಂಗಿಯರ ವಿಷಯ. ಒಬ್ಬಳು ಅಕ್ಕ ಇದ್ದಾರೆ, ಕೊಲ್ಹಾಪುರದಲ್ಲಿ! "ಅವಳದೇನೂ ತಕರಾರಿಲ್ಲ" ಅಂತ ದೊಡ್ಡಣ್ಣ ಹೇಳಿದ್ರು. ಅವರ ನಂಬರ್ ಕೊಡಿ ಅಂದೆ. ಮುಖ ಸ್ವಲ್ಪ ಬದಲಾಯ್ತು.

ಇನ್ನೊಂದು ವಿಚಿತ್ರ. ಬಾವಿ ನೋಡಿದಾಗ ಅರ್ಧ ಚಂದ್ರನ ತರ ಇದೆಯಲ್ಲ ಅಂದುಕೊಂಡಿದ್ದೆ. ಈ ಸಲ ಬಗ್ಗಿ ನೋಡಿದೆ. ಹಿಂದಿನ ಗೋಡೆ ಬಾವಿಯ ನಡುವೆಯೇ ಹಾದಿದೆ! ಇನ್ನರ್ಧ ಬಾವಿ ಹಿಂದಿನ ಮನೆಯವರ ಹಿತ್ತಲಲ್ಲಿ. ನಾನು ಬಗ್ಗಿದ್ದೇ ತಡ, ಆ ಕಡೆಯಿಂದ ಒಂದು ಕೊಡ ಇಳಿದು ನೀರಿಗೆ ಬಿತ್ತು. ನೀರಿನಲ್ಲಿ ನನ್ನ ಮುಖ ಕಾಣ್ತಿತ್ತು, ಕೊಡ ಬಿದ್ದು ಅದು ಒಡೆದು ಹೋಯ್ತು.

ಕಾಗದದ ಕಟ್ಟಿನಲ್ಲಿ ಹಳದಿ ಹಾಳೆ ಒಂದಿದೆ. ಮರಾಠಿ ಇರಬೇಕು ಅಂದುಕೊಂಡೆ, ಆದರೆ ಅಕ್ಷರ ದೇವನಾಗರಿ ಅಲ್ಲ. ಎಲ್ಲಾ ಒಂದಕ್ಕೊಂದು ಕೂಡಿಕೊಂಡಿವೆ.

ಹಳೇ_ವಕೀಲ
ಮೋಡಿ ಲಿಪಿ. ಮರಾಠಿಯನ್ನೇ ಹಿಂದೆ ಹೀಗೆ ಕೂಡಿಸಿ ಬರೀತಿದ್ರು. ನಮ್ಮ ಕಡೆಯ ಹಳೇ ದಾಖಲೆಗಳಲ್ಲಿ ಸಾಮಾನ್ಯ. ಅದರಲ್ಲೂ ಶಹಾಪುರ ಬ್ರಿಟಿಷರದ್ದಲ್ಲ, ಸಾಂಗ್ಲಿ ಸಂಸ್ಥಾನದ್ದು.

ಮೂರನೇ_ಗೇಟ್
ಹೌದಾ? ಬೆಳಗಾವಿ ಪಕ್ಕದಲ್ಲೇ ಇದ್ದು ಬೇರೆ ರಾಜ್ಯವಾ?

ಹಳೇ_ವಕೀಲ
ಹೌದ್ರೀ. 1948ರಲ್ಲಿ ಸಂಸ್ಥಾನ ವಿಲೀನ ಆಗೋವರೆಗೂ. ಬಜಾರ್ ಆ ಕಡೆ, ದಂಡು ಈ ಕಡೆ.

ಕ್ಯಾಂಪ್_ಕಾಕಾ
ಬಾವಿ ಅಂದ ಕೂಡಲೇ ನೆನಪಾಯ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ಅಂತಲೇ ತೋಡಿದ ಬಾವಿ ಟಿಳಕವಾಡಿಯಲ್ಲಿದೆ. ಕಾಂಗ್ರೆಸ್ ಬಾವಿ ಅಂತಲೇ ಹೆಸರು. ನೂರು ವರ್ಷ ಆಯ್ತು, ಇನ್ನೂ ಇದೆ. ಬೋರ್‌ವೆಲ್ ಹತ್ತು ವರ್ಷ ಬರಲ್ಲ.

ನಿರ್ವಾಹಕ
ಕಾಕಾ, ಮೊದಲು ಮರ, ಈಗ ಬಾವಿ. ಮುಂದೆ ಕುಂದಾ ಬರುತ್ತಾ?

ಕ್ಯಾಂಪ್_ಕಾಕಾ
ಗೃಹಪ್ರವೇಶಕ್ಕೆ ತರ್ತೀನಿ ಬಿಡಿ.

ಗಲ್ಲಿ_ಹುಡುಗ
ವೈನಿ, ಎಡಗಡೆ ಮರಾಠಿ ಅಜ್ಜ ಅಂದ್ರಲ್ಲ, ಅವರನ್ನ ಕೇಳಿದ್ರಾ? ಹಳೇ ಕಾಲದವರಲ್ಲಿ ಒಬ್ಬಿಬ್ಬರಿಗೆ ಮೋಡಿ ಬರುತ್ತೆ.

ಬೈಲಹೊಂಗಲದ_ಸೊಸೆ
ಇವತ್ತು ಹೋಗಿದ್ದೆ. ಅಜ್ಜನಿಗೆ ಬರುತ್ತೆ! ಅವರಪ್ಪ ಕಲಿಸಿದ್ದಂತೆ. ಭೂತಗನ್ನಡಿ ಹಿಡಿದು, ಒಂದೊಂದು ಸಾಲಿಗೂ ನಿಂತು ನಿಂತು ಓದಿದ್ರು. ಅಜ್ಜಿ ಕನ್ನಡದಲ್ಲಿ ಹೇಳಿದ್ರು, ಅಜ್ಜನಿಗಿಂತ ಅವರ ಕನ್ನಡವೇ ಚೆನ್ನ. ಎರಡೂ ಕಡೆಯ ಗೋಡೆ ಸಾಮಾಯಿಕ, ಅಂದ್ರೆ ಇಬ್ಬರಿಗೂ ಸೇರಿದ್ದು. ಬಾವಿಯೂ ಸಾಮಾಯಿಕ, ಎರಡೂ ಮನೆಯವರು ನೀರು ಸೇದಬೇಕು, ಯಾರೂ ಮುಚ್ಚಬಾರದು ಅಂತ ಬರೆದಿದೆಯಂತೆ. ಹಿಂದಿನ ಮನೆಯವರ ಮುತ್ತಜ್ಜನ ಹೆಸರೂ ಅದರಲ್ಲಿದೆ.

ಹಳೇ_ವಕೀಲ
ಅಜ್ಜನಿಗೆ ನಮಸ್ಕಾರ ಹೇಳಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ, ಮೋಡಿ ಬಲ್ಲವರಿಂದ ದೃಢೀಕರಿಸಿದ ಅನುವಾದ ಮಾಡಿಸಿ. ಹೊಸ ಖರೇದಿ ಪತ್ರದ ಚತುಸ್ಸೀಮೆಯಲ್ಲಿ ಸಾಮಾಯಿಕ ಗೋಡೆ, ಸಾಮಾಯಿಕ ಬಾವಿ ಅಂತ ಸ್ಪಷ್ಟ ಬರೆಸಿ. ಸಿಟಿಎಸ್ ಉತಾರ (ಸಿಟಿ ಸರ್ವೆ ದಾಖಲೆ), ಇ-ಖಾತೆ, ಖರೇದಿ ಪತ್ರ, ಮೂರರಲ್ಲೂ ಅಳತೆ ಒಂದೇ ಇದೆಯಾ ನೋಡಿ. ಇಸಿ (ಆಸ್ತಿ ಮೇಲಿನ ಸಾಲ, ಮಾರಾಟದ ನೋಂದಣಿ ವಿವರ) ಆನ್‌ಲೈನ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಮಾತ್ರ ಸಿಗುತ್ತೆ. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ಒಂದು ಗೊತ್ತಿರಲಿ. ಗೋಡೆ ಸಾಮಾಯಿಕ ಆದರೆ ನೀವು ಒಬ್ಬರೇ ಕೆಡವಿ ಮೂರಂತಸ್ತು ಏರಿಸೋ ಹಾಗಿಲ್ಲ. ಅದು ನಿಮಗೆ ಒಪ್ಪಿಗೆಯಾ?

ಪ್ಲಾಟ್_ಮಾವ
ಅರ್ಧ ಬಾವಿ, ಅರ್ಧ ಗೋಡೆ, 52 ಲಕ್ಷ ಮಾತ್ರ ಪೂರ್ತಿ. ಬೆಲೆ ಇಳಿಸಿ ತಂಗಿ. ಇದನ್ನಾದ್ರೂ ನನ್ನ ಮಾತು ಕೇಳಿ.

ಇಸಿ_ಕಾಕಾ
ಇದೊಂದು ವಿಷಯಕ್ಕೆ ಮಾವನ ಪರ ನಾನೂ.

ಫೋರ್ಟ್_ರೋಡ್
ಹಿಂದಿನ ಮನೆಯವರನ್ನ ಮಾತಾಡಿಸಿದ್ರಾ?

ಬೈಲಹೊಂಗಲದ_ಸೊಸೆ
ಹೂಂ. ಅತ್ತೆಯನ್ನೂ ಕರ್ಕೊಂಡು ಹೋದೆ. ಅಲ್ಲಿ ಒಬ್ಬ ಅಮ್ಮ ಇದ್ದಾರೆ, ಅತ್ತೆಯ ವಯಸ್ಸಿನವರೇ. ಅವರ ತವರು ಬೈಲಹೊಂಗಲದ ಹತ್ತಿರದ ಹಳ್ಳಿ! ಇಬ್ಬರೂ ಸೇರಿ ಯಾವುದೋ ಸಂತೆ, ಯಾವುದೋ ಹುಣಸೆಮರ ಅಂತ ಒಂದು ಗಂಟೆ ಮಾತಾಡಿದ್ರು. ನನ್ನನ್ನ ಯಾರೂ ಕೇಳಲಿಲ್ಲ. ಆ ಅಮ್ಮ ಒಂದೇ ಮಾತು ಕೇಳಿದ್ರು, ಬಾವಿ ಮುಚ್ಚಿ ಟ್ಯಾಂಕ್ ಮಾಡಲ್ಲ ತಾನೇ ಅಂತ.

ಅತ್ತೆ ಈಗಲೂ ಒಪ್ಪಿಲ್ಲ. ಆದರೆ ಕಾರಣ ಬದಲಾಗಿದೆ. "ಅಡುಗೆಮನೆ ಕತ್ತಲೆ" ಅಂತಿದ್ದಾರೆ.

ಕೊಲ್ಹಾಪುರದ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದೆ. ಮನೆ ಮಾರ್ತಿರೋ ವಿಷಯವೇ ಅವರಿಗೆ ಗೊತ್ತಿರಲಿಲ್ಲ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ನನ್ನ ಪಾಲು ಕೊಟ್ಟರೆ ಬಂದು ಸಹಿ ಮಾಡ್ತೀನಿ, ಬಿಟ್ಟುಕೊಡಲ್ಲ" ಅಂದ್ರು. ಈಗ ಅಣ್ಣತಮ್ಮಂದಿರು ಅವರ ಜೊತೆ ಕೂತು ಮಾತಾಡಬೇಕು. ಅದು ಮುಗಿಯೋವರೆಗೆ ಸಂಚಕಾರ ಇಲ್ಲ ಅಂತ ಹೇಳಿದ್ದೀವಿ. ಏಜೆಂಟ್ "ಬೇರೆ ಪಾರ್ಟಿ ರೆಡಿ ಇದೆ" ಅಂತ ದಿನಾ ಫೋನ್ ಮಾಡ್ತಿದ್ದಾನೆ.

ಹಳೇ_ವಕೀಲ
ಆ ಬೇರೆ ಪಾರ್ಟಿಗೂ ಅಕ್ಕನ ಸಹಿ ಬೇಕೇ ಬೇಕು. ಆರಾಮಾಗಿರಿ.

ಬೈಲಹೊಂಗಲದ_ಸೊಸೆ
ಉಳಿದಿದ್ದು ನಮ್ಮ ಮನೆಯವರ ಚಿಂತೆ. ಗಲ್ಲಿಯೊಳಗೆ ಕಾರ್ ಹೋಗಲ್ಲ. ರಾತ್ರಿ ಎಲ್ಲಿ ನಿಲ್ಲಿಸೋದು?

ಗಲ್ಲಿ_ಹುಡುಗ
ಕಾರ್ ಮಾರಿ ಸ್ಕೂಟಿ ತಗೊಳ್ಳಿ ವೈನಿ. ಆ 14-15 ಲಕ್ಷಕ್ಕೂ ಸ್ವಲ್ಪ ಸೇರುತ್ತೆ.

ಪ್ಲಾಟ್_ಮಾವ
ನನ್ನ ಹತ್ರ ಒಂದು ಪಾರ್ಟಿ ಇದೆ, ಯಾವ ಮಾಡೆಲ್ ಕಾರು?